ಕೆ.ಜಿ.ಎಫ್. ಸಂಜೆಯಲ್ಲಿ ಒಂದು ಟ್ರಂಪೆಟ್

ಮಾರಿಕುಪ್ಪಂನಲ್ಲಿ ರೈಲು ಇಳಿದರೆ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ದೂರವಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳು ಅವು. ಒಂದು ಸಂಜೆ ನಾನೂ ನನ್ನ ಗೆಳೆಯನೂ ಆ ಕಡೆ ಹೋಗಿದ್ದೆವು. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ದುಡಿದವರು. ಇಳಿಜಾರು ಛಾವಣಿಯ ಒಂದು ಹಳೇ ಬಂಗಲೆಯ ಕಾಂಪೌಂಡ್ ಗೋಡೆಯ ಮೇಲೆ ಕೂತು ನಾನು ಮೊಬೈಲ್‌ನಲ್ಲಿ ಒಂದು ಸಿನಿಮಾ ಸಂಗೀತ ಹಾಕಿದೆ. ಮುಂದೆ ಒಂದೇ ಒಂದು ಟ್ರಂಪೆಟ್, ಹಿಂದೆ ತಂತಿವಾದ್ಯಗಳು. ಗೆಳೆಯ ಸ್ವಲ್ಪ ಹೊತ್ತು ಸುಮ್ನೆ ಕೇಳಿದ. ಆಮೇಲೆ, "ಇದು ಇಲ್ಲಿನ ಕ್ಲಬ್‌ನಲ್ಲೇ ನುಡಿಸಿದ ಹಾಗಿದೆ ಕಣೋ" ಅಂದ.

ಅವನು ಗಣಿ ಕಂಪನಿ ಕಾಲದ ಕ್ಲಬ್ ಬ್ಯಾಂಡ್ ಕೇಳಿದವನಲ್ಲ. ನಾನೂ ಅಲ್ಲ. 1880ರಲ್ಲಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡ ಜಾನ್ ಟೇಲರ್ ಕಂಪನಿಯಿಂದ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ನಾವಿಬ್ಬರೂ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಇಂಗ್ಲಿಷರು, ಆಂಗ್ಲೋ-ಇಂಡಿಯನ್ನರು ಕ್ರಿಸ್‌ಮಸ್ ರಾತ್ರಿ ಆ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದರು ಅನ್ನುವುದನ್ನು ತಾತನ ಬಾಯಲ್ಲಿ ಕೇಳಿದ್ದೇವೆ ಅಷ್ಟೇ. ಹಾಗಿದ್ದರೂ ಆ ಟ್ರಂಪೆಟ್ ಅವನಿಗೆ ಒಂದು ಕಾಲವನ್ನು ಗುರುತು ಹಿಡಿದು ಕೊಟ್ಟಿತು. ಅದು ಹೇಗೆ?

ನಾನು ಹಾಕಿದ್ದು 1974ರ 'ಚೈನಾಟೌನ್' ಚಿತ್ರದ ಸಂಗೀತ. ಕಥೆ ನಡೆಯುವುದು 1937ರ ಲಾಸ್ ಏಂಜಲೀಸ್‌ನಲ್ಲಿ. ಒಣನಾಡಿನ ನೀರನ್ನು ಯಾರು ಕೈವಶ ಮಾಡಿಕೊಳ್ಳುತ್ತಾರೆ ಅನ್ನುವ ಕಥೆ ಅದು, ಕೋಲಾರದವರ ಎದೆಗೆ ನೇರ ತಾಗುವಂಥದ್ದು. ಚಿತ್ರಕ್ಕೆ ಮೊದಲು ಬೇರೊಬ್ಬರು ಮಾಡಿದ್ದ ಸಂಗೀತವನ್ನು ಕೈಬಿಟ್ಟಿದ್ದರು. ಕೊನೇ ಗಳಿಗೆಯಲ್ಲಿ ಬಂದ ಜೆರ್ರಿ ಗೋಲ್ಡ್‌ಸ್ಮಿತ್ ಹತ್ತೇ ದಿನದಲ್ಲಿ ಹೊಸದನ್ನು ಬರೆದುಕೊಟ್ಟರು. ಅವರು ಆರಿಸಿಕೊಂಡ ವಾದ್ಯಗಳು ವಿಚಿತ್ರ: ಒಂದು ಟ್ರಂಪೆಟ್, ನಾಲ್ಕು ಪಿಯಾನೊ, ನಾಲ್ಕು ಹಾರ್ಪ್, ಇಬ್ಬರು ತಾಳವಾದ್ಯದವರು, ಉಳಿದದ್ದು ತಂತಿವಾದ್ಯ. 1937ರಲ್ಲಿ ಯಾವ ಡಾನ್ಸ್ ಬ್ಯಾಂಡೂ ಹೀಗಿರಲಿಲ್ಲ. ಆ ಬ್ಯಾಂಡುಗಳಲ್ಲಿ ಇರುತ್ತಿದ್ದ ಸ್ಯಾಕ್ಸೋಫೋನ್ ಸಾಲೇ ಇದರಲ್ಲಿ ಇಲ್ಲ. ನನಗೆ ಬಹಳ ಇಷ್ಟವಾಗುವುದು ಇದೇ. ಅವರು ಹಳೇ ಕಾಲವನ್ನು ನಕಲು ಮಾಡಲಿಲ್ಲ, ಜಾಸ್ತಿ ಭಾಗವನ್ನು ಬಿಟ್ಟುಬಿಟ್ಟರು. ಬಿಟ್ಟದ್ದನ್ನು ನಮ್ಮ ಕಿವಿ ತುಂಬಿಕೊಳ್ಳುತ್ತದೆ.

ಕಿವಿ ತುಂಬಿಕೊಳ್ಳುತ್ತದೆ ಅನ್ನುವುದು ಬರೀ ಚಂದದ ಮಾತಲ್ಲ. ಊರಿಂದ ಅಪ್ಪ ಫೋನ್ ಮಾಡಿದರೆ ಒಂದೇ ಮಾತಿಗೆ ಗುರುತು ಸಿಗುತ್ತದೆ, ಅಲ್ವಾ? ಗಂಡಸರ ದನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 120, ಅಂದರೆ 120 ಹರ್ಟ್ಜ್. ಹಳೇ ಲ್ಯಾಂಡ್‌ಲೈನ್ ಫೋನು ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಜ್ ನಡುವಿನ ಸದ್ದನ್ನು ಮಾತ್ರ. ಅಂದರೆ ಅಪ್ಪನ ದನಿಯ ಬುಡವೇ ತಂತಿಯಲ್ಲಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅದರ ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟಿನ ಕಂಪನಗಳು. ಇವಕ್ಕೆ ಹಾರ್ಮೋನಿಕ್ ಅಂತಾರೆ. 360, 480, 600 ಹೀಗೆ ಸಾಲಾಗಿ ಬಂದರೆ, ಇವೆಲ್ಲದರ ತಾಯಿ 120 ಅಂತ ಮಿದುಳು ತಾನೇ ಕಂಡುಕೊಂಡು ಆ ಸ್ವರವನ್ನು ಕೇಳಿಸಿಕೊಳ್ಳುತ್ತದೆ.

ಹಳೇ ಗ್ರಾಮಫೋನ್ ತಟ್ಟೆಗಳೂ ಹಾಗೇ. 1925ಕ್ಕೆ ಮೊದಲು ಮೈಕ್ ಬಳಸದೆ, ಒಂದು ದೊಡ್ಡ ಕೊಳವೆಯ ಬಾಯಿಗೆ ಹಾಡಿ ಮುದ್ರಿಸುತ್ತಿದ್ದರು. ತಟ್ಟೆಯ ಮೇಲೆ ಉಳಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಜ್‌ವರೆಗಿನ ಸದ್ದು. ಮೈಕ್ ಬಂದ ಮೇಲೆ ಸುಮಾರು 5,000ದವರೆಗೆ ಏರಿತು. ಮನುಷ್ಯನ ಕಿವಿ 20,000ದವರೆಗೂ ಕೇಳಬಲ್ಲದು. ಆ ಕಾಲದ ಸಿನಿಮಾ ಥಿಯೇಟರುಗಳಲ್ಲೂ ಫಿಲ್ಮಿನ ಚರಪರ ಸದ್ದು ಅಡಗಲಿ ಅಂತ ಮೇಲಿನ ಸ್ವರಗಳನ್ನು ಬೇಕೆಂದೇ ತಗ್ಗಿಸುತ್ತಿದ್ದರು. ಹೀಗೆ ಕೆಳಗೂ ಮೇಲೂ ಕತ್ತರಿಸಿದ ಸದ್ದೇ ನಮ್ಮ ಪಾಲಿಗೆ 'ಹಳೇ ಕಾಲದ ಸದ್ದು'. 1937ರ ಕ್ಲಬ್‌ನಲ್ಲಿ ಕೂತವರಿಗೆ ಬ್ಯಾಂಡು ಖಂಡಿತ ಹಾಗೆ ಕೇಳಿಸಿರಲಿಲ್ಲ. ಅವರಿಗೆ ಅದು ಇವತ್ತಿನ ಮದುವೆ ಬ್ಯಾಂಡಿನಷ್ಟೇ ಜೀವಂತ, ಅಷ್ಟೇ ಜೋರು.

ಮದುವೆ ಬ್ಯಾಂಡ್ ಅಂದೆ. ಮೆರವಣಿಗೆಯಲ್ಲಿ ಟ್ರಂಪೆಟ್ ಕಿವಿ ಸೀಳುತ್ತದೆ. ಅದೇ ವಾದ್ಯ ಸಿನಿಮಾದಲ್ಲಿ ಮುಸ್ಸಂಜೆಯ ಹಾಗೆ ಮೆತ್ತಗೆ ಕೇಳಿಸುತ್ತದೆ. ಸದ್ದು ಕಮ್ಮಿಯಾದದ್ದು ಮಾತ್ರ ಕಾರಣವಲ್ಲ, ಸದ್ದಿನ ಬಣ್ಣವೇ ಬದಲಾಗಿರುತ್ತದೆ. ಜೋರಾಗಿ ಊದಿದಾಗ ಕೊಳವೆಯೊಳಗಿನ ಅಲೆಯಲ್ಲಿ ಒತ್ತಡ ಹೆಚ್ಚಿರುವ ಭಾಗ ಕೊಂಚ ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ. ಅಲೆಯ ನೆತ್ತಿ ಮುಂದೆ ಓಡಿ, ತಗ್ಗು ಹಿಂದೆ ಉಳಿದು, ದುಂಡಗಿದ್ದ ಅಲೆ ಕಡಿದಾದ ಗೋಡೆಯಂತಾಗುತ್ತದೆ. ಗೋಡೆ ಕಡಿದಾದಷ್ಟೂ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿ, ಕಿವಿಗೆ ಚುಚ್ಚುವುದೂ ಜಾಸ್ತಿ. ಟ್ರಂಪೆಟ್‌ನ ಅಣ್ಣನಂಥ ಟ್ರೊಂಬೋನ್‌ನಲ್ಲಿ ಇದು ಆಘಾತದ ಅಲೆಯ ಮಟ್ಟಕ್ಕೇ ಹೋಗುತ್ತದೆ ಅಂತ 1996ರಲ್ಲಿ ಅಳೆದು ತೋರಿಸಿದ್ದಾರೆ. ಮೆಲ್ಲಗೆ ಊದಿದರೆ ಈ ಗೋಡೆ ಏಳುವುದಿಲ್ಲ. ಮೇಲಿನ ಸ್ವರಗಳು ತಾವಾಗಿಯೇ ಕರಗುತ್ತವೆ. ಹಳೇ ತಟ್ಟೆ ಯಂತ್ರದ ಮಿತಿಯಿಂದ ಕಳೆದುಕೊಂಡದ್ದನ್ನು ಊದುವವನು ಉಸಿರಿನ ಹದದಿಂದಲೇ ಕಳೆಯುತ್ತಾನೆ.

ಇನ್ನೊಂದು ಗುರುತು ಸ್ವರಗಳಲ್ಲಿದೆ. ಕರ್ನಾಟಕ ಸಂಗೀತ ಕಲಿತವರಿಗೆ ಸಾಧಾರಣ ಗಾಂಧಾರ, ಅಂತರ ಗಾಂಧಾರ ಗೊತ್ತು. ಜಾಝ್‌ನ (ಆ ಕಾಲದ ಕ್ಲಬ್ ಬ್ಯಾಂಡುಗಳು ನುಡಿಸುತ್ತಿದ್ದ ಸಂಗೀತ) 'ಬ್ಲೂ ನೋಟ್' ಅನ್ನುವ ಸ್ವರ ಇವೆರಡರ ನಡುವೆ ಎಲ್ಲೋ ತೂಗುತ್ತದೆ. ಪಿಯಾನೊದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ಟ್ರಂಪೆಟ್ ಊದುವವನು ತುಟಿ ಸಡಿಲಿಸಿ ಸ್ವರವನ್ನು ಅಲ್ಲಿಗೆ ಬಗ್ಗಿಸುತ್ತಾನೆ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಅದು ತೀರಾ ಪರಕೀಯ ಅನಿಸದಿರುವುದಕ್ಕೆ ಇದೂ ಕಾರಣ ಅಂತ ನನ್ನ ನಂಬಿಕೆ. ಸ್ಯಾಕ್ಸೋಫೋನ್ ವಿಷಯದಲ್ಲಂತೂ ಕದ್ರಿ ಗೋಪಾಲನಾಥ್ ಅವರು ಇದನ್ನು ಮಾಡಿಯೇ ತೋರಿಸಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ವಾದ್ಯವನ್ನು ಕಚೇರಿಗೆ ತಂದರು. ನಾದಸ್ವರವೂ ಸ್ಯಾಕ್ಸೋಫೋನೂ ಬಾಯಿಂದ ತುದಿಗೆ ಅಗಲವಾಗುತ್ತ ಹೋಗುವ ಕೊಳವೆಗಳು. ಹಾಗಾಗಿ ಎರಡರಲ್ಲೂ ಜೋರು ಮಾಡಿದರೆ ಸ್ವರ ಸರಿಯಾಗಿ ಮೇಲಿನ ಷಡ್ಜಕ್ಕೆ ಜಿಗಿಯುತ್ತದೆ. ಉದ್ದಕ್ಕೂ ಒಂದೇ ಅಗಲವಿರುವ ಕ್ಲಾರಿಯೊನೆಟ್ ಹಾಗಲ್ಲ, ಅದು ಮೇಲಿನ ಷಡ್ಜವನ್ನೂ ದಾಟಿ ಪಂಚಮಕ್ಕೆ ಹೋಗಿ ನಿಲ್ಲುತ್ತದೆ.

ನಡೆಯಲ್ಲೂ ಒಂದು ಗುಟ್ಟಿದೆ. ಜಾಝ್‌ನಲ್ಲಿ ತಾಳದ ಒಂದು ಪೆಟ್ಟನ್ನು ಎರಡು ಸಮಭಾಗ ಮಾಡುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. 'ತಕಿಟ'ದಲ್ಲಿ 'ತಕಿ'ಯಷ್ಟು ಹೊತ್ತು ಒಂದು ಸ್ವರ, 'ಟ'ದಷ್ಟು ಇನ್ನೊಂದು, ಹೆಚ್ಚುಕಮ್ಮಿ ಹಾಗೆ. ವೇಗ ಏರಿದಂತೆ ಈ ವ್ಯತ್ಯಾಸ ಕಮ್ಮಿಯಾಗುತ್ತದೆ. ಅದರ ಜೊತೆ, ಮುಂದೆ ನುಡಿಸುವವನು ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತಾನೆ. 2022ರಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಅಳೆದರು: ಸುಮಾರು 30 ಮಿಲಿಸೆಕೆಂಡ್. ತಡವಾಯಿತು ಅಂತ ಕೇಳುವವರಿಗೆ ತಿಳಿಯುವುದಿಲ್ಲ, ತೂಗಾಟ ಮಾತ್ರ ತಿಳಿಯುತ್ತದೆ.

ಇಷ್ಟೆಲ್ಲ ಗುರುತುಗಳು ಸರಿ. ಆದರೆ ಇವು ಇಂಥ ಕಾಲದವು ಅಂತ ನಮಗೆ ಯಾರು ಕಲಿಸಿದರು? 2013ರಲ್ಲಿ ಅಮೆರಿಕದ ಕ್ಯಾರೊಲ್ ಕ್ರಮ್‌ಹನ್ಸ್‌ಲ್ ಮತ್ತು ಜಸ್ಟಿನ್ ಜುಪ್ನಿಕ್ ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನವರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದ್ದರು. ತಮ್ಮ ಕಾಲದ ಹಾಡುಗಳು ಹತ್ತಿರವಾಗುವುದು ಸಹಜ. ಆದರೆ ಅವರ ಅಪ್ಪ-ಅಮ್ಮ ಹರೆಯದಲ್ಲಿದ್ದಾಗ ಬಂದ ಹಾಡುಗಳೂ ಅವರನ್ನು ತಾಗಿದವು. 1960ರ ದಶಕದ ಹಾಡುಗಳು ಕೂಡ. ಮನೆಯಲ್ಲಿ ಹಾಡು ಕೇಳುತ್ತ ಕೇಳುತ್ತ ಒಂದು ತಲೆಮಾರಿನ ನೆನಪು ಇನ್ನೊಂದಕ್ಕೆ ದಾಟುತ್ತದೆ.

ನಮ್ಮ ಕಡೆ ಈ ದಾಟುವಿಕೆಗೆ ಒಂದು ದೊಡ್ಡ ಸೇತುವೆ ಇತ್ತು. ಚಿಕ್ ಚಾಕೊಲೇಟ್ ಅನ್ನುವ ಹೆಸರಿನಿಂದ ಪ್ರಸಿದ್ಧರಾದ ಟ್ರಂಪೆಟ್ ವಾದಕ ಗೋವಾದವರು. ಅವರಂಥ ಎಷ್ಟೋ ಗೋವಾ ಕಲಾವಿದರು ಬೊಂಬಾಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಸಿನಿಮಾ ಸ್ಟುಡಿಯೋಗಳಿಗೂ ಬಂದರು. ಆ ಸದ್ದು ಹಿಂದಿ ಹಾಡುಗಳಿಗೆ ಸೇರಿತು, ಕನ್ನಡದ ಕ್ಲಬ್ ಹಾಡುಗಳಿಗೂ ಬಂತು. ಗೆಳೆಯನ ಮನೆಯ ರೇಡಿಯೋದಲ್ಲಿ ಅವೇ ಮೊಳಗುತ್ತಿದ್ದವು. ಹೀಗೆ ಕ್ಲಬ್ ಬ್ಯಾಂಡನ್ನು ಕಂಡೇ ಇಲ್ಲದವನ ಕಿವಿಗೂ ಅದರ ರುಚಿ ಹತ್ತಿತ್ತು.

ಕತ್ತಲಾಗುವ ಮುಂಚೆ ನಾವು ರಾಬರ್ಟ್‌ಸನ್‌ಪೇಟೆಗೆ ಬಂದು ಟೀ ಕುಡಿದೆವು. ನಾನು ಮೊಬೈಲನ್ನು ಖಾಲಿ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಅದೇ ಸಂಗೀತ ಮತ್ತೆ ಹಾಕಿದೆ. ಒಂದು ಗೇಣಿಗಿಂತ ಗಿಡ್ಡ ಲೋಟ ತನ್ನ ಉದ್ದಕ್ಕೆ ಒಪ್ಪುವ ನಡುಮಟ್ಟದ ಸ್ವರಗಳನ್ನು ಎತ್ತಿ ಕೊಡುತ್ತದೆ. ಟ್ರಂಪೆಟ್ ಥೇಟ್ ಗ್ರಾಮಫೋನಿನಿಂದ ಬಂದಂತೆ ಕೇಳಿಸಿತು. ತಂತಿವಾದ್ಯಗಳ ತೀರಾ ಕೆಳಗಿನ ಸ್ವರಗಳನ್ನು ಆ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ. ಗೆಳೆಯ ಮಾತ್ರ ಲೋಟದ ಕಡೆ ಬಗ್ಗಿ, ಗಂಟಲಿನ ತಳದಿಂದ ಅದೇ ಕೆಳಗಿನ ಸ್ವರವನ್ನು ಗುನುಗುತ್ತಿದ್ದ.