ಎಂಟರ್ ಒತ್ತುವವರೆಗೂ ಕಾಯುವುದೇಕೆ?

"ವಯಸ್ಸು ಎಷ್ಟು?" ಎಂದು ಪ್ರೋಗ್ರಾಂ ಕೇಳುತ್ತದೆ. ವಿದ್ಯಾರ್ಥಿ 19 ಎಂದು ಬರೆದು ಎಂಟರ್ ಒತ್ತುತ್ತಾನೆ. "ಮುಂದುವರಿಸಬೇಕೇ?" ಎಂಬ ಎರಡನೆಯ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ, ಆದರೆ ಉತ್ತರಕ್ಕೆ ಕಾಯದೆ ಪ್ರೋಗ್ರಾಂ ಮುಗಿದೇ ಹೋಗುತ್ತದೆ. ಸಿ ಭಾಷೆ ಕಲಿತವರಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳದವರು ಕಡಿಮೆ.

ಇದರ ಬೇರು ಹಳೆಯದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟಿದಾಗ ಕೀಲಿಮಣೆ ಎಂದರೆ ಟೆಲಿಟೈಪ್ ಯಂತ್ರ: ಸೆಕೆಂಡಿಗೆ 10 ಅಕ್ಷರ, ಅದೂ ಕಾಗದದ ಮೇಲೆ. ಕಾಗದಕ್ಕೆ ಬಿದ್ದ ಅಕ್ಷರವನ್ನು ಅಳಿಸಲಾಗದು. ಹ್ಯಾಶ್ ಚಿಹ್ನೆ ಒತ್ತಿದರೆ ಹಿಂದಿನ ಅಕ್ಷರ ರದ್ದು, ಅಟ್ ಚಿಹ್ನೆ ಒತ್ತಿದರೆ ಇಡೀ ಸಾಲು ರದ್ದು. ಈ ತಿದ್ದುಪಡಿಯ ಹೊಣೆಯನ್ನು ಆಪರೇಟಿಂಗ್ ಸಿಸ್ಟಂ ತಾನೇ ಹೊತ್ತು, ಎಂಟರ್ ಬಿದ್ದ ಮೇಲಷ್ಟೇ ತಿದ್ದಿದ ಸಾಲನ್ನು ಪ್ರೋಗ್ರಾಂಗೆ ಕೊಡುತ್ತಿತ್ತು. ಒಳ್ಳೆಯ ಏರ್ಪಾಡು. ಟೆಲಿಟೈಪ್ ಹೋಗಿ ಪರದೆ ಬಂತು, 1988ರಲ್ಲಿ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಂದು ಪೋಸಿಕ್ಸ್ ಮಾನಕ ಬಂತು, ಏರ್ಪಾಡು ಉಳಿಯಿತು.

ನಮ್ಮ ಕಾಲೇಜುಗಳ ಲ್ಯಾಬ್‌ಗೆ ಬಂದದ್ದು ಡಾಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಮತ್ತು ಅದರ ಮೇಲೆ ಓಡುವ ಟರ್ಬೊ ಸಿ ಕಂಪೈಲರ್. ಅಲ್ಲಿನ ಗೆಟ್‌ಸಿಎಚ್ ಫಂಕ್ಷನ್ ಎಂಟರ್‌ಗೆ ಕಾಯದೆ ಕೀಲಿಯನ್ನು ನೇರವಾಗಿ ಓದುತ್ತಿತ್ತು. ಪ್ರೋಗ್ರಾಂಗೆ ಶ್ರೀಕಾರ ಹಾಕಿದಂತೆ ಮೊದಲಿಗೆ ಪರದೆ ಅಳಿಸುವ ಸಿಎಲ್‌ಆರ್‌ಎಸ್‌ಸಿಆರ್, ಮಂಗಳ ಹಾಡಿದಂತೆ ಕೊನೆಗೆ ಗೆಟ್‌ಸಿಎಚ್. ಅವೆರಡೂ ಸಿ ಭಾಷೆಯ ಮಾನಕಕ್ಕೆ ಸೇರಿದವಲ್ಲ ಎಂದು ಎಷ್ಟೋ ಮಂದಿಗೆ ಗೊತ್ತಾದದ್ದು ಯುನಿಕ್ಸ್ ಮಾದರಿಯ ಲಿನಕ್ಸ್‌ಗೆ ಬಂದು, ಅವನ್ನು ಒದಗಿಸುವ "ಕೊನಿಯೊ ಫೈಲ್ ಇಲ್ಲ" ಎಂಬ ದೋಷ ಕಂಡಾಗ.

ವಯಸ್ಸಿನ ಪ್ರಶ್ನೆಯಲ್ಲಿ ನಡೆದದ್ದು ಇಷ್ಟೇ. ಸಾಲಿನ ಕೊನೆಯಲ್ಲಿ ಎಂಟರ್ ಕೂಡ ಒಂದು ಅಕ್ಷರವಾಗಿ ಬರುತ್ತದೆ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಫಂಕ್ಷನ್ 19ನ್ನು ಎತ್ತಿಕೊಂಡು, ಎಂಟರನ್ನು ಓದದ ಅಕ್ಷರಗಳು ಕಾಯುವ ಬಫರ್‌ನಲ್ಲೇ ಬಿಟ್ಟಿತು. ಒಂದು ಅಕ್ಷರ ಕೇಳಿದ ಮುಂದಿನ ಸ್ಕ್ಯಾನ್‌ಎಫ್ ಅದನ್ನೇ ಉತ್ತರವೆಂದು ಓದಿತು. ಒಂದು ಅಕ್ಷರ ಓದು ಎಂದು ಸ್ಕ್ಯಾನ್‌ಎಫ್‌ಗೆ ಹೇಳುವ ಪರ್ಸೆಂಟ್ ಸಿ (%c) ಗುರುತಿಗೆ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸಾಕು, ಉಳಿದ ಎಂಟರ್ ಕರಗುತ್ತದೆ. ಲ್ಯಾಬ್ ಕೈಪಿಡಿಗಳು ಒಂದನ್ನೊಂದು ನಕಲು ಮಾಡುತ್ತ ಸಾಗಿಸಿದ್ದು ಮಾತ್ರ ಎಫ್‌ಫ್ಲಶ್ ಎಂಬ ಪರಿಹಾರವನ್ನು. ಅದು ಔಟ್‌ಪುಟ್‌ಗಾಗಿ ಇರುವ ಫಂಕ್ಷನ್. ಇನ್‌ಪುಟ್ ಮೇಲೆ ಹೂಡಿದರೆ ಏನಾಗುತ್ತದೆಂದು ಸಿ ಮಾನಕ ಹೇಳುವುದೇ ಇಲ್ಲ. ಕಾರಣವನ್ನು ವಿವರಿಸಲು ಹತ್ತು ನಿಮಿಷ ಸಾಕಾಗಿತ್ತು.

ಕನ್ನಡದಲ್ಲಿ ಉತ್ತರ ಬರೆಯುವವರಿಗೆ ಇನ್ನೊಂದು ತೊಡಕಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ "ಕ್ಷ" ಎಂದರೆ ಕ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ (್), ಷ. ಒಟ್ಟು 9 ಬೈಟ್. 2004ರವರೆಗೆ ಲಿನಕ್ಸ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಯುತ್ತಿದ್ದುದು ಅದರಲ್ಲಿ ಒಂದು ಬೈಟ್ ಮಾತ್ರ. ಉಳಿದ ಚೂರುಗಳು ಪ್ರೋಗ್ರಾಂಗೆ ಹೋಗುತ್ತಿದ್ದವು. ಆಮೇಲೆ ಅದು ಸರಿಹೋಯಿತು, ಅರ್ಧ. ಈಗಲೂ "ಕ್ಷ" ಅಳಿಸಲು ಮೂರು ಸಲ ಒತ್ತಬೇಕು. ವಿರಾಮ ಚಿಹ್ನೆಗೆ ಪರದೆಯ ಮೇಲೆ ಸ್ವಂತ ಜಾಗವಿಲ್ಲದ್ದರಿಂದ ಲೆಕ್ಕ ತಪ್ಪಿ, ಪ್ರಶ್ನೆಯ ಕೊನೆಯ ಅಕ್ಷರವೂ ಅಳಿಸಿಹೋಗುವುದುಂಟು.