ಲೇಡಿ ಮ್ಯಾಕ್‌ಬೆತ್‌ಳ ಕೈ ಮತ್ತು ವೈದ್ಯನ ಕಟ್ಟಪ್ಪಣೆ

ಮನೋವೈದ್ಯನಾದ ನಾನು ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಮತ್ತೆ ಮತ್ತೆ ತೆರೆಯುವುದು ಐದನೆಯ ಅಂಕದ ಮೊದಲ ದೃಶ್ಯಕ್ಕಾಗಿ. ಡನ್ಸಿನೇನ್ ಕೋಟೆಯಲ್ಲಿ ಒಬ್ಬ ವೈದ್ಯ ಎರಡು ರಾತ್ರಿ ನಿದ್ದೆಗೆಟ್ಟು ಕಾದಿದ್ದಾನೆ. ರಾಣಿ ಲೇಡಿ ಮ್ಯಾಕ್‌ಬೆತ್ ಗಾಢ ನಿದ್ದೆಯಲ್ಲೇ ಎದ್ದು, ನಿಲುವಂಗಿ ಹೊದ್ದು, ಬೀಗ ತೆಗೆದು, ಕಾಗದ ಮಡಿಸಿ, ಬರೆದು, ಓದಿ, ಮೊಹರು ಹಾಕಿ ಮತ್ತೆ ಮಲಗುತ್ತಾಳೆಂದು ಸಖಿ ಹೇಳಿದ್ದರೂ ಅವನ ಕಣ್ಣಿಗೆ ಇನ್ನೂ ಏನೂ ಬಿದ್ದಿಲ್ಲ. ನಿದ್ದೆಯಲ್ಲಿ ರಾಣಿ ಏನು ಮಾತಾಡಿದಳೆಂದು ಕೇಳಿದರೆ ಸಖಿ ಬಾಯಿ ಬಿಡುವುದಿಲ್ಲ. ತನ್ನ ಮಾತಿಗೆ ಸಾಕ್ಷಿಯಿಲ್ಲವೆಂಬ ಅಂಜಿಕೆ ಅವಳದು. ರೋಗಿಯ ಜೊತೆಯಲ್ಲಿ ಬಂದವರನ್ನು ಮಾತಿಗೆಳೆಯುವ ಕಷ್ಟ ಬಲ್ಲವರಿಗೆ ಈ ಮೌನ ಹೊಸದಲ್ಲ.

ಅಷ್ಟರಲ್ಲಿ ರಾಣಿ ಮೇಣದಬತ್ತಿ ಹಿಡಿದು ಬರುತ್ತಾಳೆ. ಬೆಳಕು ಸದಾ ಪಕ್ಕದಲ್ಲಿರಬೇಕೆಂಬುದು ಅವಳದೇ ಅಪ್ಪಣೆ. ಗದ್ದುಗೆಗಾಗಿ ಗಂಡ ಮ್ಯಾಕ್‌ಬೆತ್ ಡಂಕನ್ ದೊರೆಯನ್ನು ಕೊಲ್ಲುವ ಮುನ್ನ, ತನ್ನ ಕತ್ತಿ ಮಾಡುವ ಗಾಯ ಆ ಕತ್ತಿಗೇ ಕಾಣದಿರಲೆಂದು ದಟ್ಟ ಇರುಳನ್ನು ಕೂಗಿ ಕರೆದಿದ್ದವಳೂ ಅವಳೇ.

ಕೈಯಲ್ಲಿ ಇಲ್ಲದ ರಕ್ತದ ಕಲೆಯನ್ನು ಅವಳು ಉಜ್ಜುವುದನ್ನು ಕಂಡು, ಇದು ಒಸಿಡಿ, ಅಂದರೆ ಗೀಳು ಕಾಯಿಲೆ, ಎಂದು ಹೇಳುವವರಿದ್ದಾರೆ. ನನಗೆ ಅದು ಅವಸರದ ತೀರ್ಮಾನವೆನಿಸುತ್ತದೆ. ಗೀಳು ಕಾಯಿಲೆಯಿಂದ ಕೈ ತೊಳೆಯುವವರು ಎಚ್ಚರವಾಗಿರುತ್ತಾರೆ. ತಮ್ಮ ಭಯಕ್ಕೆ ಆಧಾರವಿಲ್ಲವೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುತ್ತದೆ, ಆದರೂ ತಡೆದುಕೊಳ್ಳಲಾಗುವುದಿಲ್ಲ. ತೀವ್ರ ಖಿನ್ನತೆಯಲ್ಲಿ ಕಾಣುವ ಪಾಪಪ್ರಜ್ಞೆಯೂ ಬಹಳಷ್ಟು ಸಲ ಮಾಡದ ತಪ್ಪಿನದು, ಇಲ್ಲವೇ ಸಣ್ಣ ತಪ್ಪು ಬೆಟ್ಟವಾಗಿ ಬೆಳೆದದ್ದು. ಲೇಡಿ ಮ್ಯಾಕ್‌ಬೆತ್‌ಳ ಕೈಗೆ ಒಂದು ಕಾಲದಲ್ಲಿ ನಿಜವಾದ ರಕ್ತವೇ ಮೆತ್ತಿತ್ತು. ಅವಳ ನೆನಪು ಸುಳ್ಳು ಹೇಳುತ್ತಿಲ್ಲ.

ಕೊಲೆಯ ರಾತ್ರಿ ಅವಳು ಅದನ್ನು ಹೇಗೆ ನಿಭಾಯಿಸಿದಳೆಂಬುದನ್ನು ಎರಡನೆಯ ಅಂಕದಲ್ಲಿ ನೋಡಬೇಕು. ತನಗೆ ‘ಆಮೆನ್’ ಎನ್ನಲಾಗಲಿಲ್ಲ, ಮ್ಯಾಕ್‌ಬೆತ್ ನಿದ್ದೆಯನ್ನೇ ಕೊಂದನೆಂದು ಒಂದು ದನಿ ಕೂಗಿತು ಎಂದು ಗಂಡ ಬಡಬಡಿಸುವಾಗ, ಇಂಥವನ್ನು ಹೀಗೆಲ್ಲ ಯೋಚಿಸಿದರೆ ಹುಚ್ಚು ಹಿಡಿದೀತೆಂದು ಗದರಿ, ಸ್ವಲ್ಪ ನೀರಿನಿಂದ ಎಲ್ಲ ತೊಳೆದುಹೋಗುತ್ತದೆ ಎನ್ನುತ್ತಾಳೆ. ಆದರೆ ಬಿರುಕು ಅದಕ್ಕೂ ಮೊದಲೇ ಕಾಣಿಸಿಕೊಂಡಿತ್ತು: ಮಲಗಿದ್ದ ದೊರೆ ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಕೊಲ್ಲುತ್ತಿದ್ದೆ ಎಂದಿದ್ದಳು. ಆ ಮಾತನ್ನು ಅವಳು ಮತ್ತೆ ಎತ್ತುವುದಿಲ್ಲ. ಕೊನೆಗೆ ನಿದ್ದೆಯಲ್ಲಿ, ಆ ಮುದುಕನ ಮೈಯಲ್ಲಿ ಅಷ್ಟೊಂದು ರಕ್ತವಿದ್ದೀತೆಂದು ಯಾರೆಣಿಸಿದ್ದರು ಎಂದು ಅವಳು ಕೇಳುವಾಗ, ಪದ್ಯದಲ್ಲೇ ಮಾತಾಡುತ್ತಿದ್ದವಳ ಬಾಯಲ್ಲಿ ಚೂರುಚೂರಾದ ಗದ್ಯವಷ್ಟೇ ಉಳಿದಿರುತ್ತದೆ. ಗಂಡನದು ಎಚ್ಚರದಲ್ಲಿ ನುಡಿದ ಪಾಪಪ್ರಜ್ಞೆ, ಅವಳದು ಅದುಮಿಟ್ಟದ್ದು. ಹಾಗೆಂದು ನುಡಿದದ್ದರಿಂದ ಅವನು ಉಳಿದನೆನ್ನುವಂತಿಲ್ಲ. ಕೊಲೆಯ ಮೇಲೆ ಕೊಲೆ ಮಾಡಿಸುತ್ತ ಭಯದ ರುಚಿಯನ್ನೇ ಮರೆಯುವಷ್ಟು ಅವನು ಜಡ್ಡುಗಟ್ಟುತ್ತಾನೆ.

ನಿದ್ದೆನಡಿಗೆ ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ಬರುತ್ತದೆ. ನಿದ್ದೆಗೇಡೂ ಮಾನಸಿಕ ಒತ್ತಡವೂ ಅದನ್ನು ಕೆರಳಿಸುತ್ತವೆ. ಕಣ್ಣು ತೆರೆದಿದ್ದರೂ ನೋಟವಿಲ್ಲವೆಂಬ ನಾಟಕದ ವಿವರ ಸರಿಯಾಗಿಯೇ ಇದೆ. ಹಳೆಯ ಘಟನೆಗಳನ್ನು ಇಷ್ಟು ವಿವರವಾಗಿ ಆಡಿತೋರಿಸುವುದು ಮಾತ್ರ ರಂಗಭೂಮಿಗೆ ಸೇರಿದ್ದು.

ನನಗೆ ಮೆಚ್ಚುಗೆಯಾಗುವುದು ಆ ವೈದ್ಯನ ನಡವಳಿಕೆ. ಕೇಳಿದ್ದನ್ನು ಆಗಲೇ ಬರೆದಿಟ್ಟುಕೊಳ್ಳುತ್ತಾನೆ, ಈ ಕಾಯಿಲೆ ತನ್ನ ಅಳವಿಗೆ ಮೀರಿದ್ದೆಂದು ಒಪ್ಪಿಕೊಳ್ಳುತ್ತಾನೆ, ವೈದ್ಯನಿಗಿಂತ ಪಾದ್ರಿಯೇ ಇವಳಿಗೆ ಬೇಕೆನ್ನುತ್ತಾನೆ. ಆದರೂ ಕೈಚೆಲ್ಲದೆ, ರಾಣಿ ತನಗೆ ತಾನೇ ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನೆಲ್ಲ ದೂರವಿಡಬೇಕು, ಅವಳ ಮೇಲೆ ಸದಾ ಕಣ್ಣಿಟ್ಟಿರಬೇಕು ಎಂದು ಸಖಿಗೆ ಕಟ್ಟಪ್ಪಣೆ ಮಾಡುತ್ತಾನೆ. ಆತ್ಮಹತ್ಯೆಯ ಸುಳಿವು ಕಂಡಾಗ ಮನೆಯವರಿಗೆ ನಾವು ಇಂದಿಗೂ ಮೊದಲು ಹೇಳುವುದು ಇದನ್ನೇ. ಅಪ್ಪಣೆಯನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂದು ನಾಟಕ ತಿಳಿಸುವುದಿಲ್ಲ. ನಾಲ್ಕು ದೃಶ್ಯಗಳ ನಂತರ ಒಳಗಿನಿಂದ ಹೆಂಗಸರ ಗೋಳು ಕೇಳಿಸುತ್ತದೆ, ಸೇವಕ ಸೇಟನ್ ಬಂದು ರಾಣಿ ಸತ್ತಳೆಂದು ಮ್ಯಾಕ್‌ಬೆತ್‌ಗೆ ತಿಳಿಸುತ್ತಾನೆ.