ಟ್ರಿಸ್ಟನ್ ಡ ಕುನ್ಹಾ: ಇಡೀ ದ್ವೀಪಕ್ಕೆ ಒಂದೇ ಊರು ಯಾಕೆ?

ಪ್ರಶ್ನೆ: ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ, ಬ್ರಿಟನ್ನಿಗೆ ಸೇರಿದ ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ ಇರುವುದು ಒಂದೇ ಊರಂತೆ. ಹಳೇ ಊರು ಲಾವಾದಲ್ಲಿ ಮುಚ್ಚಿಹೋಯ್ತಾ?

ಉತ್ತರ: ಮತ್ತೆ ಅದೇ ಲಾವಾ! ಮೊದಲು ಒಂದೇ ಊರು ಯಾಕೆ ಅನ್ನುವುದನ್ನು ಮುಗಿಸಿಬಿಡೋಣ. ಆ ದ್ವೀಪವೇ ಒಂದು ಜ್ವಾಲಾಮುಖಿ. ಅದರ ತುದಿ, ಕ್ವೀನ್ ಮೇರೀಸ್ ಪೀಕ್, 2,060 ಮೀಟರಿಗೂ ಎತ್ತರ. ಸುತ್ತಲೂ ನೆಟ್ಟಗೆ ಸಮುದ್ರಕ್ಕಿಳಿಯುವ ಬಂಡೆ. ಊರು ಕಟ್ಟುವಷ್ಟು ಸಪಾಟು ನೆಲ ವಾಯವ್ಯದ ಅಂಚಿನಲ್ಲಿದೆ. ಎಡಿನ್‌ಬರ್ಗ್ ಆಫ್ ದಿ ಸೆವೆನ್ ಸೀಸ್ ಎಂಬ ಆ ಒಂದೇ ಊರು ಇರುವುದು ಅಲ್ಲೇ. ಜನ ಸುಮಾರು 240. ಅವರ ಆಲೂಗಡ್ಡೆ ಹೊಲಗಳು ಅದೇ ಬಯಲಿನಲ್ಲಿ ಸ್ವಲ್ಪ ದೂರ.

ಈಗ ಲಾವಾ ವಿಷಯ. 1961ರ ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ನೆಲ ಬಿರಿಯಿತು, ನಿಜ. ದ್ವೀಪದ 264 ಜನರೂ ದೋಣಿ ಹತ್ತಿ ಪಕ್ಕದ ನೈಟಿಂಗೇಲ್ ದ್ವೀಪಕ್ಕೆ, ಅಲ್ಲಿಂದ ಕೇಪ್‌ಟೌನ್‌ಗೆ, ಕೊನೆಗೆ ಇಂಗ್ಲೆಂಡಿಗೆ ಹೋದರು, ಅದೂ ನಿಜ. ಆದರೆ ಲಾವಾ ಹರಿದದ್ದು ಸಮುದ್ರದ ಕಡೆಗೆ. ಅದು ನುಂಗಿದ್ದು ಲಾಬ್‌ಸ್ಟರ್ ಡಬ್ಬಿಗೆ ತುಂಬುವ ಫ್ಯಾಕ್ಟರಿಯನ್ನು, ದೋಣಿ ಎಳೆದು ನಿಲ್ಲಿಸುತ್ತಿದ್ದ ದಡವನ್ನು. ಮನೆಗಳು ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದವು. 1962ರಲ್ಲಿ ಪರೀಕ್ಷೆಗೆ ಹೋದ ವಿಜ್ಞಾನಿಗಳ ತಂಡವೂ ಇದನ್ನೇ ಕಂಡಿತು. ಆದರೆ ಜನ ಬಿಟ್ಟುಹೋಗಿದ್ದ ನಾಯಿಗಳು ಕುರಿಗಳನ್ನು ಮುಗಿಸಿದ್ದವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಮತ ಹಾಕಿಸಿದಾಗ ವಾಪಸ್ ಹೋಗೋಣ ಅಂದವರು 148, ಬೇಡ ಅಂದವರು ಬರೀ 5. 1963ರಲ್ಲಿ ಬಹುಪಾಲು ಜನ ಹೊರಟೇಬಿಟ್ಟರು. ಊರು ಮುಚ್ಚಿಹೋಗಿದ್ದರೆ ಹೋಗಿ ಎಲ್ಲಿ ಮಲಗುತ್ತಿದ್ದರು ಹೇಳಿ? ತಮ್ಮ ಹಳೇ ಮನೆಗಳ ಬಾಗಿಲನ್ನೇ ತೆಗೆದರು. ಸುಮ್ನೆ ಫೋಟೋದಲ್ಲಿ ಊರಿನ ಪಕ್ಕ ಕಾಣುವ ಕಪ್ಪು ಗುಡ್ಡೆ ನೋಡಿ 'ಇದರ ಅಡಿಯಲ್ಲೇ ಹಳೇ ಊರು' ಅಂತ ಬರೆಯುವುದನ್ನು ಇನ್ನಾದರೂ ನಿಲ್ಲಿಸಿ.

ಲಾವಾ ನಿಜವಾಗಿ ಕಿತ್ತುಕೊಂಡದ್ದು ದಡವನ್ನು ಅಂದೆನಲ್ಲ, ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ! ದೋಣಿ ಇಳಿಸಲು ಜಾಗ ಇಲ್ಲದೆ 1967ರಲ್ಲಿ ಹೊಸ ಬಂದರು ಕಟ್ಟಿದರು. ಇಂಗ್ಲೆಂಡಿನಲ್ಲಿ ತಾವಿದ್ದ ಕ್ಯಾಲ್ಶಾಟ್ ಊರಿನ ಹೆಸರನ್ನೇ ಅದಕ್ಕಿಟ್ಟರು. ಬಂದರು ತೀರಾ ಚಿಕ್ಕದು. ದೊಡ್ಡ ಹಡಗು ಒಳಗೆ ಬರಲ್ಲ, ವಿಮಾನ ನಿಲ್ದಾಣ ಮೊದಲೇ ಇಲ್ಲ. ಕೇಪ್‌ಟೌನ್‌ನಿಂದ ಒಂದು ವಾರ ತೇಲಿಕೊಂಡು ಬಂದವರೂ ಅಲೆ ಜಾಸ್ತಿ ಇದ್ದರೆ ಊರನ್ನು ಎದುರಿಗೇ ನೋಡುತ್ತಾ ಹಡಗಿನಲ್ಲೇ ಕಾಯಬೇಕು.